ಮೂರುಪಟ್ಟು ಅಪ್‌ಸ್ಯಾಂಪ್ಲಿಂಗ್‌ನಲ್ಲಿ ಉಳಿದಿದ್ದ ಸಿಳ್ಳೆ

16 ಕಿಲೋಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 16000 ಸ್ಯಾಂಪಲ್‌ಗಳಂತೆ (ಧ್ವನಿಯ ಅಳತೆಗಳಂತೆ) ದಾಖಲಿಸಿದ ಧ್ವನಿಯನ್ನು 48 ಕಿಲೋಹರ್ಟ್ಸ್‌ಗೆ ಏರಿಸಲು ಪ್ರತಿ ಸ್ಯಾಂಪಲ್‌ನ ನಂತರ ಎರಡು ಸೊನ್ನೆಗಳನ್ನು ಸೇರಿಸಿ, ಎತ್ತರದ ಆವರ್ತನಗಳನ್ನು ತಡೆಯುವ ಲೋ-ಪಾಸ್ ಫಿಲ್ಟರ್ ಹಾಯಿಸಿದ್ದರೂ ಮಾತಿನ ಹಿಂದೆ ಕರ್ಕಶವಾದ ಸಿಳ್ಳೆ ಉಳಿದೇ ಇತ್ತು. 1 ಕಿಲೋಹರ್ಟ್ಸ್‌ನ ಸ್ವರವೊಂದನ್ನೇ ಕೊಟ್ಟು ಸ್ಪೆಕ್ಟ್ರಮ್ (ಯಾವ ಆವರ್ತನ ಎಷ್ಟಿದೆ ಎಂಬ ಚಿತ್ರ) ನೋಡಿದಾಗ, 15 ಮತ್ತು 17 ಕಿಲೋಹರ್ಟ್ಸ್‌ಗಳಲ್ಲಿ ಸೊನ್ನೆ ಸೇರಿಸಿದ್ದರಿಂದ ಹುಟ್ಟಿದ ಅದರ ಪ್ರತಿಬಿಂಬಗಳು ಮೂಲ ಸ್ವರದಷ್ಟೇ ಎತ್ತರಕ್ಕೆ ನಿಂತಿದ್ದವು. ಫಿಲ್ಟರ್ ವಿನ್ಯಾಸಗೊಳಿಸುವಾಗ ನಾನು ಹಳೆಯ ದರವಾದ 16000 ಅನ್ನೇ ಕೊಟ್ಟಿದ್ದರಿಂದ, 7.5 ಕಿಲೋಹರ್ಟ್ಸ್ ಎಂದುಕೊಂಡಿದ್ದ ಕಟಾಫ್ (ಫಿಲ್ಟರ್ ತಡೆಯಲು ಶುರುಮಾಡುವ ಆವರ್ತನ) ಹೊಸ ದರದಲ್ಲಿ 22.5 ಕಿಲೋಹರ್ಟ್ಸ್ ಆಗಿ, ಪ್ರತಿಬಿಂಬಗಳು ಅದರ ಕೆಳಗೇ ಹಾದುಹೋಗುತ್ತಿದ್ದವು; ಸೊನ್ನೆ ತುಂಬಿದ ಮೇಲೆ ಓಡುವ ಫಿಲ್ಟರ್‌ಗೆ ಕೊಡಬೇಕಾದ ದರ 48000. ಅದನ್ನು ತಿದ್ದಿದೊಡನೆ ಸಿಳ್ಳೆ ಅಡಗಿತು. ಆದರೂ ಧ್ವನಿ ಸುಮಾರು 9.5 ಡೆಸಿಬೆಲ್ ಕುಗ್ಗಿಯೇ ಇತ್ತು; ಸೇರಿಸಿದ ಸೊನ್ನೆಗಳು ಮಟ್ಟವನ್ನು ಮೂರನೇ ಒಂದು ಭಾಗಕ್ಕೆ ಇಳಿಸುವುದರಿಂದ ಫಿಲ್ಟರ್‌ನ ಗುಣಾಂಕಗಳನ್ನೆಲ್ಲ (ಅದು ಸ್ಯಾಂಪಲ್‌ಗಳನ್ನು ಗುಣಿಸುವ ಸಂಖ್ಯೆಗಳನ್ನು) 3ರಿಂದ ಗುಣಿಸಿದೆ. ಕೊನೆಗೆ 96 ಗುಣಾಂಕಗಳನ್ನು ತಲಾ 32ರಂತೆ ಮೂರು ಪಾಲಿಫೇಸ್ ಕವಲುಗಳಿಗೆ (ಸರದಿಯಂತೆ ಒಂದೊಂದು ಹೊಸ ಸ್ಯಾಂಪಲ್ ಕೊಡುವ ಚಿಕ್ಕ ಫಿಲ್ಟರ್‌ಗಳಿಗೆ) ಹಂಚಿದ್ದರಿಂದ, ಸೊನ್ನೆಗಳೊಂದಿಗಿನ ವ್ಯರ್ಥ ಗುಣಾಕಾರವೂ ತಪ್ಪಿತು.