ಮನೆಯವರು ಏಳುವ ಮುಂಚಿನ ಒಂದು ಗಂಟೆ

ಬಿಡುವಿನ ಹೊತ್ತಿನಲ್ಲಿ ಮನೆಯಲ್ಲೇ ಪೂರ್ತಿ ಬಿಚ್ಚಿ ಜೋಡಿಸಿದ ನನ್ನ ಹಳೆಯ ಕಾರಿನ ಕಥೆ ಇದು. 1971ರ ಫೋಕ್ಸ್‌ವ್ಯಾಗನ್ ಬೀಟಲ್ ಅದು, 1300 ಸಿಸಿ ಎಂಜಿನ್. ತಂದ ಹೊಸದರಲ್ಲಿ ಹುಮ್ಮಸ್ಸು ಜಾಸ್ತಿ ಇತ್ತು. ಎರಡೇ ವಾರಾಂತ್ಯದಲ್ಲಿ ಎಂಜಿನ್ ಇಳಿಸಿದೆ, ಸೀಟು, ಬಾಗಿಲು, ವೈರಿಂಗ್ ಎಲ್ಲಾ ಬಿಚ್ಚಿಟ್ಟೆ. ಆಮೇಲೆ ಆಫೀಸಿನಲ್ಲಿ ಕೆಲಸ ಏರಿತು, ಮಗ ಹುಟ್ಟಿದ. ಹದಿನಾಲ್ಕು ತಿಂಗಳು ಕಾರು ಹಾಗೇ ನಿಂತಿತು. ಮತ್ತೆ ಕೈ ಹಾಕಿದಾಗ ಯಾವ ಬೋಲ್ಟು ಎಲ್ಲಿಯದು ಅಂತ ಹುಡುಕುವುದರಲ್ಲೇ ಮೂರು ಭಾನುವಾರ ಕಳೆದವು.

ಬಿಚ್ಚುವುದಕ್ಕೆ ಇಡೀ ದಿನ ಸಿಗಬಹುದು, ಜೋಡಿಸುವುದಕ್ಕೆ ಸಿಗುವುದು ತುಂಡು ತುಂಡು ಸಮಯ. ಇದು ನನಗೆ ಆಗ ಅರ್ಥವಾಯಿತು. ಅಲ್ಲಿಂದ ಒಂದು ಕೆಲಸ ಮುಗಿಯುವವರೆಗೆ ಇನ್ನೊಂದನ್ನು ಬಿಚ್ಚಲಿಲ್ಲ. ಬ್ರೇಕ್ ಅಂದರೆ ಬ್ರೇಕ್ ಮಾತ್ರ. ಬಿಚ್ಚಿದ್ದನ್ನು ಚೀಲಕ್ಕೆ ಹಾಕಿ, ಮೇಲೆ ಹೆಸರು ಬರೆದು, ಫೋಟೋ ತೆಗೆದಿಟ್ಟೆ. ಎದ್ದು ಹೋಗುವ ಮುಂಚೆ ನಾಳೆ ಬೇಕಾಗುವ ಸ್ಪ್ಯಾನರ್ ತೆಗೆದು ಅದೇ ಜಾಗದಲ್ಲಿ ಇಡುತ್ತಿದ್ದೆ. ಸಣ್ಣ ವಿಷಯ ಅನ್ನಿಸಬಹುದು, ಆದರೆ ಮರುದಿನದ ಹತ್ತು ನಿಮಿಷ ಇದರಿಂದ ಉಳಿಯುತ್ತಿತ್ತು.

ನನ್ನ ಹೊತ್ತು ಬೆಳಗ್ಗೆ ಐದರಿಂದ ಆರು. ರಾತ್ರಿ ಮಾಡಿ ನೋಡಿದ್ದೆ, ಆಗಲಿಲ್ಲ. ದಣಿದ ಕೈಯಲ್ಲಿ ಎಕ್ಸಾಸ್ಟ್ ಸ್ಟಡ್ (ಹೊಗೆ ಕೊಳವೆ ಹಿಡಿದಿಡುವ ಬೋಲ್ಟು) ಒಂದನ್ನು ಮುರಿದೆ, ಅದನ್ನು ತೆಗೆಯಲು ಒಂದು ವಾರ ಹಿಡಿಯಿತು. ಶಬ್ದದ ಕೆಲಸ, ವೆಲ್ಡಿಂಗ್ ಎಲ್ಲಾ ಭಾನುವಾರಕ್ಕೆ. ಅದೂ ಮಧ್ಯಾಹ್ನದವರೆಗೆ ಮಾತ್ರ, ಹಾಗಂತ ನಾನೂ ಹೆಂಡತಿಯೂ ಮೊದಲೇ ಮಾತಾಡಿಕೊಂಡಿದ್ದೆವು. ಹೊತ್ತು ಗೊತ್ತಿದ್ದರೆ ಮನೆಯಲ್ಲಿ ಯಾರೂ ಕಾಯಬೇಕಾಗಿಲ್ಲ, ಅಲ್ವಾ?

ಟ್ಯಾಪೆಟ್ ಸೆಟ್ಟಿಂಗ್‌ಗಂತೂ, ಅಂದರೆ ವಾಲ್ವ್‌ಗೂ ಅದನ್ನು ಒತ್ತುವ ತೋಳಿಗೂ ನಡುವಿನ ಗ್ಯಾಪ್ ಸರಿ ಮಾಡುವುದಕ್ಕೆ, ಬೆಳಗಿನ ಹೊತ್ತೇ ಸರಿ. ಈ ಎಂಜಿನ್ನಿನಲ್ಲಿ ಅದನ್ನು ಪೂರ್ತಿ ತಣ್ಣಗಿದ್ದಾಗಲೇ ಮಾಡಬೇಕು, ಗ್ಯಾಪ್ 0.15 ಮಿ.ಮೀ. ಒಂಬತ್ತು ವರ್ಷದ ಮಗಳು ಅವತ್ತು ತಾನೇ ಎದ್ದು ಬಂದಳು. ಎಂಜಿನ್ನಿನ ಪುಲ್ಲಿಯ (ಬೆಲ್ಟ್ ಕೂರುವ ಚಕ್ರ) ಮೇಲಿನ, 1ನೇ ಸಿಲಿಂಡರ್‌ನ ಗುರುತಿನ ಸರಿಯಾಗಿ ಎದುರು ಬದಿಗೆ ಬಿಳಿ ಬಣ್ಣದಲ್ಲಿ ಇನ್ನೊಂದು ಗೆರೆ ಹಾಕಿದ್ದೆ. ಫೈರಿಂಗ್ ಆರ್ಡರ್, ಅಂದರೆ ನಾಲ್ಕು ಸಿಲಿಂಡರ್‌ಗಳಲ್ಲಿ ಪೆಟ್ರೋಲ್ ಉರಿಯುವ ಸರದಿ, 1-4-3-2. ಹಾಗಾಗಿ ಎಂಜಿನ್ ಹಿಮ್ಮುಖವಾಗಿ ತಿರುಗಿಸಿದರೆ ಅರ್ಧ ಸುತ್ತಿಗೊಂದರಂತೆ 1, 2, 3, 4 ಸಾಲಾಗಿ ಬರುತ್ತವೆ. ನಾನು ತಿರುಗಿಸುತ್ತಿದ್ದೆ, ಅವಳು ಟಾರ್ಚ್ ಹಿಡಿದು, "ಬಂತು ಅಪ್ಪಾ, ನಿಲ್ಸಿ!" ಅನ್ನುತ್ತಿದ್ದಳು. ಗ್ಯಾಪ್ ಹೊಂದಿಸುವ ಸ್ಕ್ರೂ ಅಲುಗದಂತೆ ಹಿಡಿಯುವ ಲಾಕ್ ನಟ್ಟು ಬಿಗಿ ಮಾಡುವಾಗ ಆ ಸ್ಕ್ರೂ ಕೂಡ ಒಂಚೂರು ತಿರುಗಿ ಗ್ಯಾಪ್ ಕಮ್ಮಿಯಾಗುತ್ತದೆ. ಅದಕ್ಕೇ ಸ್ಕ್ರೂಡ್ರೈವರ್ ಒತ್ತಿ ಹಿಡಿದು ಬಿಗಿ ಮಾಡಿ, ಫೀಲರ್ ಗೇಜ್ (ಗ್ಯಾಪ್ ಅಳೆಯುವ ತೆಳು ಲೋಹದ ಪಟ್ಟಿ) ಮತ್ತೊಮ್ಮೆ ಹಾಕಿ ನೋಡಬೇಕು. ಸುಲಭವಾಗಿ ಜಾರಬಾರದು, ಸಿಕ್ಕಿಕೊಳ್ಳಲೂಬಾರದು. ಆ ಹಿಡಿತ ಹೇಗಿರುತ್ತದೆ ಅಂತ ಅವಳ ಕೈಗೇ ಗೇಜ್ ಕೊಟ್ಟು ತೋರಿಸಿದೆ.

ಬ್ರೇಕ್ ಪೈಪಿನೊಳಗೆ ಸೇರಿದ ಗಾಳಿ ತೆಗೆಯಲು ಹೆಂಡತಿ ಪೆಡಲ್ ಒತ್ತಿ ಹಿಡಿಯಲು ಕೂತಳು. ನಾನು ಚಕ್ರದ ಹತ್ತಿರ ಗಾಳಿ ಹೊರಬಿಡುವ ನಿಪ್ಪಲ್ ಮುಚ್ಚಿ "ಬಿಡು" ಅನ್ನುವವರೆಗೆ ಕಾಲು ತೆಗೆಯಬಾರದು, ಮುಂಚೆಯೇ ತೆಗೆದರೆ ಗಾಳಿ ಮತ್ತೆ ಒಳಗೆ ಹೋಗುತ್ತದೆ. ಮೊದಲ ಚಕ್ರಕ್ಕೇ ಅರ್ಧ ಗಂಟೆ ಆಯಿತು. ಉಳಿದ ಮೂರೂ ಸೇರಿ ಇಪ್ಪತ್ತೇ ನಿಮಿಷ.

ಆಫೀಸಿನಲ್ಲಿ ಒತ್ತಡ ಇರುವ ವಾರ ಕಾರಿನ ಹತ್ತಿರ ಹೋಗುತ್ತಲೇ ಇರಲಿಲ್ಲ. ಹೋದರೂ ತಂತಿ ಬ್ರಷ್‌ನಲ್ಲಿ ನಟ್ಟುಗಳ ತುಕ್ಕು ಉಜ್ಜುವಂಥ ಕೆಲಸ ಅಷ್ಟೇ. ತಲೆ ಬೇರೆಲ್ಲೋ ಇದ್ದಾಗ ಬ್ರೇಕು, ಪೆಟ್ರೋಲ್ ಪೈಪು ಮುಟ್ಟಬೇಡಿ, ಇದನ್ನು ಒತ್ತಿ ಹೇಳುತ್ತೇನೆ.

ಒಟ್ಟು ನಾಲ್ಕು ವರ್ಷ ಹಿಡಿಯಿತು. ಮೊದಲ 500 ಕಿ.ಮೀ. ಆದ ಮೇಲೆ ಒಂದು ಬೆಳಗ್ಗೆ ಟ್ಯಾಪೆಟ್ ಮತ್ತೆ ನೋಡಿದೆವು. ಎಂಟು ವಾಲ್ವ್‌ಗಳಲ್ಲಿ ಒಂದು ಮಾತ್ರ ಬಿಗಿಯಾಗಿತ್ತು. ಈ ಸಲ ಟಾರ್ಚ್ ಹಿಡಿದಿದ್ದು ನಾನು, ಸ್ಕ್ರೂ ತಿರುಗಿಸಿದ್ದು ಮಗಳು.