ಮನೆಯಲ್ಲಿ ಕೋವಿ, ಊರಿನಲ್ಲಿ ಗುಸುಗುಸು: ಪರವಾನಗಿದಾರರಿಗೊಂದು ಕೈಪಿಡಿ

ಉತ್ತರ ಕನ್ನಡದ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ತೋಟದ ಮನೆಗಳಿಗೆ ಕೋವಿ ಹೊಸ ವಸ್ತುವೇನಲ್ಲ. ಒಂದು ಮನೆಯಲ್ಲಿ ಕೂಗಿದರೆ ಇನ್ನೊಂದು ಮನೆಗೆ ಕೇಳಿಸದಷ್ಟು ದೂರ, ನಡುವೆ ಸೊಪ್ಪಿನ ಬೆಟ್ಟ ಮತ್ತು ಹಳ್ಳ. ಮಳೆಗಾಲದಲ್ಲಿ ಕರೆಂಟೂ ಇಲ್ಲ, ಮೊಬೈಲ್ ಸಿಗ್ನಲ್ಲೂ ಇಲ್ಲ. ಮಕ್ಕಳೆಲ್ಲ ಬೆಂಗಳೂರಿನಲ್ಲಿ, ಮನೆಯಲ್ಲಿ ವಯಸ್ಸಾದ ಇಬ್ಬರು. ಇಂಥ ಮನೆಯವರು ಆತ್ಮರಕ್ಷಣೆಗೆಂದು ಕಾನೂನು ಪ್ರಕಾರ ಕೋವಿ ಪಡೆದರೆ ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಆದರೂ ಪರವಾನಗಿ ಕೈಗೆ ಬಂದ ದಿನದಿಂದ ಊರು ನೋಡುವ ರೀತಿಯೇ ಬದಲಾಗುತ್ತದೆ. "ಹೆಗಡೇರೆ, ನಿಮಗೆಂತಕ್ಕೆ ಕೋವಿ?" ಎಂಬ ಪ್ರಶ್ನೆ ನಗುತ್ತಲೇ ಬರುತ್ತದೆ, ಹೆಣ್ಣು ಕೇಳಲು ಬಂದವರ ಕಿವಿಗೂ ವಿಷಯ ಬೀಳುತ್ತದೆ, ಪಕ್ಕದ ಮನೆಯವರು ಮಕ್ಕಳನ್ನು ಆಟಕ್ಕೆ ಕಳಿಸುವ ಮೊದಲು ಒಮ್ಮೆ ಯೋಚಿಸುತ್ತಾರೆ.

ಈ ಮುಜುಗರವನ್ನು ವಾದ ಮಾಡಿ ಗೆಲ್ಲಲಾಗದು ಎಂಬುದು ನನ್ನ ಖಚಿತ ಅಭಿಪ್ರಾಯ. ಅದು ಕರಗುವುದಿದ್ದರೆ ಕೋವಿಯನ್ನು ಇಟ್ಟುಕೊಂಡ ರೀತಿಯನ್ನು ಜನ ಕಣ್ಣಾರೆ ಕಂಡಾಗ ಮಾತ್ರ. ಅಮೆರಿಕದವರ ಮಾತುಗಳನ್ನು ಎರವಲು ತಂದು "ಇದು ನನ್ನ ಹಕ್ಕು" ಎನ್ನುವುದಂತೂ ಇಲ್ಲಿ ನಡೆಯದು. ನಮ್ಮ ಸಂವಿಧಾನದಲ್ಲಿ ಆಯುಧ ಹೊಂದುವುದು ಮೂಲಭೂತ ಹಕ್ಕಲ್ಲ. 1959ರ ಆಯುಧ ಕಾಯ್ದೆಯ ಅಡಿಯಲ್ಲಿ ಸರ್ಕಾರ ವಿಶ್ವಾಸವಿಟ್ಟು ಕೊಡುವ ಅನುಮತಿ ಅದು. ಕೊಡಗಿನ ಜಮ್ಮಾ ಹಿಡುವಳಿದಾರರಿಗೆ (ವಂಶಪಾರಂಪರ್ಯವಾಗಿ ಭೂಮಿ ಹೊಂದಿದವರಿಗೆ) ಇರುವ ಪರವಾನಗಿ ವಿನಾಯಿತಿಯೂ ಉತ್ತರ ಕನ್ನಡದವರಿಗೆ ಇಲ್ಲ.

ಅನುಮಾನ ಯಾವುದು, ಉತ್ತರ ಯಾವುದು

ಊರಿನವರ ಅನುಮಾನಗಳೆಲ್ಲ ಒಂದೇ ಬಗೆಯವಲ್ಲ. ಘಟ್ಟದ ಮೇಲಿನ ಸಸ್ಯಾಹಾರಿ ಮನೆಗಳಲ್ಲಿ ಕೋವಿ ಎಂದರೆ ಮೊದಲು ನೆನಪಾಗುವುದು ಶಿಕಾರಿ. ಕಾಡಿನಂಚಿನ ಹಳ್ಳಿಗಳಲ್ಲಿ, ಅದರಲ್ಲೂ ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಆಸುಪಾಸಿನ ಜೋಯಿಡಾ, ದಾಂಡೇಲಿ ಕಡೆ, ರಾತ್ರಿ ಎಲ್ಲಿಯೋ ಈಡಿನ ಸದ್ದು ಕೇಳಿದರೂ ಅರಣ್ಯ ಇಲಾಖೆಯವರ ಪ್ರಶ್ನೆ ಪರವಾನಗಿ ಇದ್ದವರ ಮನೆಗೇ ಮೊದಲು ಬರುವುದು ಸಹಜ. ಇದಕ್ಕೆ ಉತ್ತರ ಲೆಕ್ಕಪುಸ್ತಕ. ಯಾವ ದಿನ ಎಷ್ಟು ತೋಟೆ (ಕಾರ್ಟ್ರಿಜ್) ಕೊಂಡಿರಿ, ಎಷ್ಟು ಉಳಿದಿವೆ, ಉಪಯೋಗಿಸಿದ್ದರೆ ಎಲ್ಲಿ ಮತ್ತು ಏಕೆ ಎಂಬುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಅಂಗಡಿಯ ರಸೀದಿಗಳನ್ನು ಅದರಲ್ಲೇ ಅಂಟಿಸಿ. ಸುಟ್ಟ ತೋಟೆಯ ಖಾಲಿ ಕವಚಗಳನ್ನು ಎಸೆಯಬೇಡಿ. ಕೇಳಿದ ಕೂಡಲೇ ತೆರೆದು ತೋರಿಸಬಲ್ಲ ಪುಸ್ತಕ ಇದ್ದವರ ಮೇಲೆ ಗುಮಾನಿ ಹೆಚ್ಚು ದಿನ ನಿಲ್ಲುವುದಿಲ್ಲ.

ಶಿಕಾರಿಯ ಮಾತು ಬಂದಿದ್ದರಿಂದ ಕಾಡುಹಂದಿಯ ಕುರಿತು ಇಷ್ಟನ್ನು ಹೇಳಿಯೇ ಮುಂದೆ ಹೋಗಬೇಕು. ಬೆಳೆ ರಕ್ಷಣೆಯ ಪರವಾನಗಿ ಇದೆ ಎಂದ ಮಾತ್ರಕ್ಕೆ ಪ್ರಾಣಿ ಕೊಲ್ಲುವ ಅನುಮತಿ ಸಿಕ್ಕಂತಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಕಾಡುಹಂದಿಯೂ ಸಂರಕ್ಷಿತ ಪ್ರಾಣಿಯೇ. ಅದನ್ನು ಕೊಲ್ಲಲು ಅಧಿಕಾರವುಳ್ಳ ಅಧಿಕಾರಿಯ ಅನುಮತಿ ಬೇಕು. ಪ್ರಾಣಿ ಮೈಮೇಲೆ ಎರಗಿದಾಗ ಜೀವ ಉಳಿಸಿಕೊಳ್ಳಲು ಸದುದ್ದೇಶದಿಂದ ಮಾಡಿದ್ದು ಮಾತ್ರ ಅಪರಾಧವಾಗದು.

ಎರಡನೆಯ ಅನುಮಾನ ಜಗಳಗಂಟರ ಕುರಿತಾದದ್ದು. ಅಣ್ಣತಮ್ಮಂದಿರ ಹಿಸ್ಸೆಯ ತಕರಾರು, ಬೇಲಿಯ ವ್ಯಾಜ್ಯ, ನೀರಿನ ಕಾಲುವೆಯ ಜಗಳ ನಡೆಯುತ್ತಿರುವಾಗಲೇ ಒಬ್ಬರು ಕೋವಿಗೆ ಅರ್ಜಿ ಹಾಕಿದರೆ ಎದುರು ಕಡೆಯವರು ಹೆದರುವುದು ತಪ್ಪೆನ್ನಲಾಗದು. ಇಂಥ ಸಮಯದಲ್ಲಿ ಅರ್ಜಿ ಹಾಕಲೇಬೇಡಿ ಎನ್ನುತ್ತೇನೆ. ವ್ಯಾಜ್ಯ ತೀರಲಿ, ಆಮೇಲೆ ನೋಡಿ. ಹೇಗೂ ಪೊಲೀಸ್ ವರದಿಯಿಲ್ಲದೆ ಅರ್ಜಿ ಮುಂದೆ ಸರಿಯದು, ವಿಚಾರಣೆಗೆ ಬಂದವರು ನೆರೆಹೊರೆಯವರನ್ನೂ ಮಾತನಾಡಿಸುತ್ತಾರೆ. ಅವರಿಗೆ ಸುದ್ದಿ ಪೊಲೀಸರ ಬಾಯಿಂದ ಮೊದಲು ತಿಳಿಯುವ ಬದಲು ನಿಮ್ಮಿಂದಲೇ ತಿಳಿದಿದ್ದರೆ ಅರ್ಧ ಗುಸುಗುಸು ಹುಟ್ಟುವುದೇ ಇಲ್ಲ.

ಮೂರನೆಯದು ಅನುಮಾನವಲ್ಲ, ನಿಜವಾದ ಭಯ. ಬಾರು ಮಾಡಿದ (ಮದ್ದುಗುಂಡು ತುಂಬಿದ) ಕೋವಿ ಮಗುವಿನ ಕೈಗೆ ಸಿಕ್ಕರೆ, ಕುಡಿದು ಬಂದವರ ಕೈಗೆ ಸಿಕ್ಕರೆ, ಮನಸ್ಸು ಕುಸಿದು ಕೂತವರ ಕೈಗೆ ಸಿಕ್ಕರೆ ಏನಾಗುತ್ತದೆ ಎಂಬುದಕ್ಕೆ ಉದಾಹರಣೆ ಕೊಡಬೇಕಾಗಿಲ್ಲ. ಈ ಭಯವನ್ನು "ನಮ್ಮಲ್ಲಿ ಹಾಗೇನೂ ಆಗದು" ಎಂದು ತಳ್ಳಿಹಾಕುವವರು ಕೋವಿ ಇಟ್ಟುಕೊಳ್ಳಲು ಅರ್ಹರಲ್ಲ. ಈ ಬರಹದ ಹೆಚ್ಚಿನ ಭಾಗ ಇದಕ್ಕೇ ಮೀಸಲು.

ಕಾಗದಪತ್ರ

ಅರ್ಜಿ ಸಲ್ಲುವುದು ಕಾರವಾರದಲ್ಲಿರುವ ಜಿಲ್ಲಾಧಿಕಾರಿಗಳಿಗೆ, ಜಿಲ್ಲಾ ದಂಡಾಧಿಕಾರಿಯ ನೆಲೆಯಲ್ಲಿ. ಅರ್ಜಿದಾರರಿಗೆ 21 ವರ್ಷ ತುಂಬಿರಬೇಕು. 2016ರ ಆಯುಧ ನಿಯಮಗಳ ಪ್ರಕಾರ ಆಯುಧ ಸುರಕ್ಷತಾ ತರಬೇತಿಯ ಪ್ರಮಾಣಪತ್ರ, ಮಾನಸಿಕ ಮತ್ತು ದೈಹಿಕ ಆರೋಗ್ಯದ ವೈದ್ಯಕೀಯ ಪ್ರಮಾಣಪತ್ರ, ಆಯುಧವನ್ನು ಸುರಕ್ಷಿತವಾಗಿ ಇಡುವೆನೆಂಬ ಮುಚ್ಚಳಿಕೆ ಇವೆಲ್ಲ ಬೇಕಾಗುತ್ತವೆ. ಇವುಗಳನ್ನು ಸರ್ಕಾರಿ ಕಿರಿಕಿರಿ ಎಂದು ಭಾವಿಸುವವರೇ ಹೆಚ್ಚು. ಆದರೆ ಕೋವಿಯ ಬಗ್ಗೆ ಅನುಮಾನಪಡುವ ಭಾವನಿಗೋ ಬೀಗರಿಗೋ ತೋರಿಸಲು ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ. ಪೊಲೀಸ್ ಇಲಾಖೆ ನಡೆಸುವ ನಾಗರಿಕ ಬಂದೂಕು ತರಬೇತಿಗೆ ಅವಕಾಶ ಸಿಕ್ಕಾಗ ನೀವೊಬ್ಬರೇ ಹೋಗಬೇಡಿ, ಮನೆಯ ಇನ್ನೊಬ್ಬರನ್ನೂ ಕರೆದುಕೊಂಡು ಹೋಗಿ. ಕೋವಿಯ ಬಗ್ಗೆ ಅತಿಯಾಗಿ ಹೆದರುವ ಮನೆಯಾಕೆ ಅದನ್ನು ಬಿಚ್ಚಿ ಜೋಡಿಸುವುದನ್ನು ಒಮ್ಮೆ ಕಂಡರೆ ಹೆದರಿಕೆ ಎಚ್ಚರಿಕೆಯಾಗಿ ಬದಲಾಗುತ್ತದೆ.

2019ರ ತಿದ್ದುಪಡಿಯ ನಂತರ ಪರವಾನಗಿಯ ಅವಧಿ ಐದು ವರ್ಷ, ಒಬ್ಬರ ಬಳಿ ಇರಬಹುದಾದ ಬಂದೂಕುಗಳು ಹೆಚ್ಚೆಂದರೆ ಎರಡು. ನವೀಕರಣಕ್ಕೆ ಅವಧಿ ಮುಗಿಯುವ ಎರಡು ತಿಂಗಳ ಮೊದಲೇ ಅರ್ಜಿ ಹಾಕಿ. ಅವಧಿ ಮೀರಿದ ಪರವಾನಗಿ ಕೈಯಲ್ಲಿದ್ದರೆ ನೀವು ಎಷ್ಟೇ ಸಭ್ಯರಾಗಿದ್ದರೂ ಊರಿನ ಲೆಕ್ಕದಲ್ಲಿ ಕಳ್ಳಕೋವಿಯವರೇ. ಪರವಾನಗಿಯಿಲ್ಲದೆ ಬಂದೂಕು ಇಟ್ಟುಕೊಂಡದ್ದಕ್ಕೆ ಈಗ ಕನಿಷ್ಠ ಎರಡು ವರ್ಷ ಜೈಲು.

ಇಡುವ ಬಗೆ

ಹೊರಗಿನಿಂದ ಬಂದಾಗ ಕೋವಿಯನ್ನು ಮನೆಯೊಳಗೆ ಒಯ್ಯುವ ಮೊದಲೇ ಖಾಲಿ ಮಾಡಬೇಕು. ಜೋಡಿ ನಳಿಗೆಯ ತೋಟೆಕೋವಿಯಾದರೆ ಅಂಗಳದಲ್ಲೇ ನಿಂತು, ಬಾಯಿಯನ್ನು ಜನರಿಲ್ಲದ ಧರೆಯ ಕಡೆ ತಿರುಗಿಸಿ, ಮಡಚಿ ತೆರೆದು, ತೋಟೆಗಳನ್ನು ಹೊರತೆಗೆದು, ನಳಿಗೆಯ ಹಿಂಬದಿಯಿಂದ ಬೆಳಕಿನತ್ತ ನೋಡಿ. ಎರಡೂ ನಳಿಗೆಗಳಲ್ಲಿ ದುಂಡಗಿನ ಬೆಳಕು ಕಾಣಬೇಕು. ಕಾಣದಿದ್ದರೆ ಒಳಗೆ ಏನೋ ಉಳಿದಿದೆ. ಮಳೆಗಾಲದಲ್ಲಿ ಕಣಜದ ಹುಳು ಮಣ್ಣಿನ ಗೂಡು ಕಟ್ಟಿದ್ದೂ ಇರಬಹುದು, ಹಾಗಿರುವಾಗ ಈಡು ಹೊಡೆದರೆ ನಳಿಗೆಯೇ ಸೀಳೀತು.

ನಳಿಗೆಯ ಬಾಯಿಯಿಂದ ಮದ್ದು ತುಂಬಿ, ಕೇಪು ಎಂಬ ಸಣ್ಣ ಸಿಡಿಮುಚ್ಚಳ ಇಟ್ಟು ಹೊಡೆಯುವ ಕೇಪಿನ ಕೋವಿಯ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಮದ್ದು, ಚಿಂದಿ, ಚರೆ ಜಡಿದ ಮೇಲೆ ಅದನ್ನು ಖಾಲಿ ಮಾಡುವುದು ಸುಲಭವಲ್ಲವೆಂದು ಹಲವರು ಬಾರು ಮಾಡಿದ ಕೋವಿಯನ್ನೇ ವಾರಗಟ್ಟಲೆ ಗೋಡೆಗೆ ತೂಗುಹಾಕುತ್ತಾರೆ, ಕೇಪು ತೆಗೆದಿದ್ದೇವಲ್ಲ ಎಂದು ಸಮಾಧಾನಪಡುತ್ತಾರೆ. ಇದಕ್ಕಿಂತ ಅಪಾಯದ ಅಭ್ಯಾಸ ಬೇರೆಯಿಲ್ಲ. ಕೋವಿ ಖಾಲಿ ಇದ್ದಾಗ ಮದ್ದು ಜಡಿಯುವ ಸರಳನ್ನು ನಳಿಗೆಯ ತಳ ಮುಟ್ಟುವವರೆಗೆ ಇಳಿಸಿ, ಬಾಯಿಯ ಮಟ್ಟಕ್ಕೆ ಸರಿಯಾಗಿ ಸರಳಿನ ಮೇಲೊಂದು ಗೆರೆ ಕೊರೆದಿಡಿ. ಮುಂದೆ ಯಾವಾಗ ಸರಳು ಇಳಿಸಿದರೂ ಆ ಗೆರೆ ಬಾಯಿಗಿಂತ ಮೇಲೆ ನಿಂತರೆ ಒಳಗೆ ಬಾರು ಇದೆ ಎಂದರ್ಥ. ಅಂಥ ಕೋವಿಯನ್ನು ಬಲ್ಲವರ ಕೈಯಲ್ಲೇ ಖಾಲಿ ಮಾಡಿಸಬೇಕು.

ಖಾಲಿಯಾದ ಕೋವಿಗೆ ಗೋಡೆ ತಕ್ಕ ಜಾಗವಲ್ಲ. ಜಗುಲಿಯ ಗೋಡೆಯಲ್ಲಿ ಜಿಂಕೆಯ ಕೊಂಬಿನ ಕೆಳಗೆ ಕೋವಿ ತೂಗುಹಾಕಿ ಬಂದವರಿಗೆಲ್ಲ ತೋರಿಸುವ ಹಳೆಯ ಡೌಲು ಈ ಕಳಂಕಕ್ಕೆ ಬಹುಪಾಲು ಕಾರಣ ಎಂದರೂ ತಪ್ಪಾಗದು. ಗೋಡೆಗೋ ನೆಲಕ್ಕೋ ಬೋಲ್ಟ್ ಹಾಕಿ ಕೂರಿಸಿದ ಕಬ್ಬಿಣದ ಕಪಾಟಿನಲ್ಲಿ ಕೋವಿ, ಬೇರೊಂದು ಕೋಣೆಯ ಬೇರೊಂದು ಬೀಗದ ಪೆಟ್ಟಿಗೆಯಲ್ಲಿ ತೋಟೆ, ಎರಡರ ಕೀಲಿಯೂ ಪರವಾನಗಿದಾರರ ಬಳಿ. ಇದು ಸರಿಯಾದ ಕ್ರಮ. ಹೀಗಿಟ್ಟರೆ ಆಪತ್ತಿನಲ್ಲಿ ಕೈಗೆ ಸಿಗುವುದು ತಡವಾಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ತಡವಾಗುತ್ತದೆ, ನಿಜ. ಆ ತಡವನ್ನು ತುಂಬಿಕೊಡುವುದು ಗಟ್ಟಿ ಬಾಗಿಲು, ಒಳಗಿನ ಅಗಳಿ, ಅಂಗಳದ ದೀಪ ಮತ್ತು ನಾಯಿ. ಕಳ್ಳ ಬಾಗಿಲು ಮುರಿಯುವ ಹೊತ್ತಿನಲ್ಲಿ ನೀವು 112ಕ್ಕೆ ಕರೆ ಮಾಡಿ ಕಪಾಟು ತೆರೆಯಬಹುದು.

ಕರಾವಳಿಯವರಿಗೆ ಒಂದು ಮಾತು. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರಗಳಲ್ಲಿ ಸಮುದ್ರದ ಉಪ್ಪುಗಾಳಿ ನಳಿಗೆಯನ್ನು ಬೇಗನೆ ತಿನ್ನುತ್ತದೆ. ಮಳೆಗಾಲವಿಡೀ ಆಗಾಗ ಎಣ್ಣೆ ಒರೆಸಬೇಕು, ಬಟ್ಟೆಯ ಚೀಲದಲ್ಲಿ ಮುಚ್ಚಿಟ್ಟರೆ ತೇವ ಹಿಡಿದು ತುಕ್ಕು ಇನ್ನೂ ಹೆಚ್ಚುತ್ತದೆ. ಅದಕ್ಕಿಂತ ಮುಖ್ಯವಾದುದು, ಕೇರಿಗಳಲ್ಲಿ ಮನೆಗೆ ಮನೆ ತಾಗಿಕೊಂಡಿರುವಾಗ ಗುರಿ ತಪ್ಪಿದ ಈಡು ಹೋಗುವುದು ಪಕ್ಕದ ಮನೆಗೇ. ಅಂಥಲ್ಲಿ ಕೋವಿಯ ಅಗತ್ಯವಿದೆಯೇ ಎಂಬುದನ್ನು ಎರಡೆರಡು ಸಲ ಯೋಚಿಸಿ; ನನ್ನನ್ನು ಕೇಳಿದರೆ ಬಹುತೇಕ ಇಲ್ಲ.

ಎಲ್ಲಿಯವರೆಗೆ ಆತ್ಮರಕ್ಷಣೆ

ಪರವಾನಗಿದಾರರು ಊರಿನ ಕಟ್ಟೆಯ ಮೇಲೆ ಆಡುವ ಮಾತೇ ಅವರಿಗೆ ಕೆಟ್ಟ ಹೆಸರು ತರುವುದುಂಟು. "ಅಡಿಕೆ ಕದಿಯಲು ಬಂದರೆ ಸುಟ್ಟು ಹಾಕುತ್ತೇನೆ" ಎಂದವರನ್ನು ಯಾರು ನಂಬುತ್ತಾರೆ? ಕಾನೂನೂ ಹಾಗೆ ಹೇಳುವುದಿಲ್ಲ. ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಖಾಸಗಿ ರಕ್ಷಣೆಯ ಹಕ್ಕನ್ನು ಕೊಡುತ್ತವೆ, ಅದರ ಮಿತಿಯನ್ನೂ ಹೇಳುತ್ತವೆ: ರಕ್ಷಣೆಗೆ ಎಷ್ಟು ಬೇಕೋ ಅದಕ್ಕಿಂತ ಹೆಚ್ಚಿನ ಹಾನಿ ಮಾಡುವಂತಿಲ್ಲ, ಪೊಲೀಸರ ನೆರವು ಪಡೆಯಲು ಸಮಯವಿದ್ದಾಗ ಈ ಹಕ್ಕು ಇಲ್ಲ. ಪ್ರಾಣಕ್ಕೆ ಎರವಾಗುವ ಅಥವಾ ತೀವ್ರ ಗಾಯ ಮಾಡುವಂಥ ಹಲ್ಲೆ, ಅತ್ಯಾಚಾರ, ಅಪಹರಣದಂಥ ಸಂದರ್ಭಗಳಲ್ಲಿ ಹಾಗೂ ದರೋಡೆ, ರಾತ್ರಿಯ ಕನ್ನಗಳವಿನಂಥ ಕೆಲವು ಸಂದರ್ಭಗಳಲ್ಲಿ ಮಾತ್ರ ಅದು ಎದುರಾಳಿಯ ಸಾವಿನವರೆಗೂ ಚಾಚಬಹುದು. ಅಂಗಳದಲ್ಲಿ ಒಣಗಿಸಿದ ಚಾಲಿ ಅಡಿಕೆಯನ್ನೋ ತೋಟದ ಅಡಿಕೆ ಗೊನೆಯನ್ನೋ ಹೊತ್ತು ಬೆನ್ನು ತಿರುಗಿಸಿ ಓಡುವವನಿಗೆ ಈಡು ಹೊಡೆದರೆ ಅದು ಆತ್ಮರಕ್ಷಣೆಯಾಗದು, ಆ ರಾತ್ರಿಯಿಂದ ಆರೋಪಿ ನೀವೇ.

ಮದುವೆ ದಿಬ್ಬಣದಲ್ಲಿ, ಹಬ್ಬದಲ್ಲಿ ಸಂಭ್ರಮಕ್ಕೆ ಗಾಳಿಯಲ್ಲಿ ಗುಂಡು ಹಾರಿಸುವುದಕ್ಕೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಆಯುಧ ಪೂಜೆಯ ದಿನ ಖಾಲಿ ಕೋವಿಗೆ ಹೂವೇರಿಸಿ ನಮಸ್ಕರಿಸಲು ಅಡ್ಡಿಯಿಲ್ಲ. ಅದರೊಡನೆ ಫೋಟೋ ತೆಗೆದು ವಾಟ್ಸ್‌ಆ್ಯಪ್ ಸ್ಟೇಟಸ್ಸಿಗೆ ಹಾಕುವುದು ಬೇಡ. ಮನೆಯಲ್ಲಿ ಕೋವಿ ಇದೆ ಎಂಬುದು ಕಳ್ಳರಿಗೆ ತಿಳಿಯುವ ಅಗತ್ಯವೂ ಇಲ್ಲ.

ಯಾರಿಗೆ ಹೇಳಬೇಕು, ಏನು ಹೇಳಬೇಕು

ಮನೆಯೊಳಗಿನ ವಯಸ್ಕರೆಲ್ಲರಿಗೂ, ತೀರಾ ಹತ್ತಿರದ ನೆರೆಯ ಒಂದೆರಡು ಮನೆಯ ಹಿರಿಯರಿಗೂ ತಿಳಿದಿದ್ದರೆ ಸಾಕು. ಅವರು ಕೇಳುವ ಪ್ರಶ್ನೆ ಒಂದೇ: ಎಲ್ಲಿಟ್ಟಿದ್ದೀರಿ? "ಕಪಾಟಿನಲ್ಲಿ ಖಾಲಿ ಇದೆ, ತೋಟೆ ಬೇರೆ ಕಡೆ ಇದೆ, ಎರಡಕ್ಕೂ ಬೀಗ ಇದೆ" ಎಂದು ಹೇಳಿ, ಬೇಕಿದ್ದರೆ ಕಪಾಟಿನ ಬೀಗ ತೋರಿಸಿ. ಮಕ್ಕಳನ್ನು ಆಟಕ್ಕೆ ಕಳಿಸುವ ತಾಯಂದಿರು ಕೇಳದಿದ್ದರೂ ನೀವೇ ಹೇಳಬೇಕು, ಅದರಲ್ಲಿ ಸಣ್ಣವರಾಗುವುದೇನೂ ಇಲ್ಲ. ಮಕ್ಕಳಿಗೂ ಕೋವಿಯನ್ನು ಗುಟ್ಟಾಗಿ ಇಡಬಾರದು; ಗುಟ್ಟು ಮಕ್ಕಳನ್ನು ಕಪಾಟಿನ ಬಳಿಗೇ ಎಳೆಯುತ್ತದೆ. ಕಂಡರೆ ಮುಟ್ಟಬಾರದು, ಕೂಡಲೇ ದೊಡ್ಡವರನ್ನು ಕರೆಯಬೇಕು ಎಂಬಷ್ಟನ್ನು ನೇರವಾಗಿ ಕಲಿಸಿ.

ಚುನಾವಣೆ ಘೋಷಣೆಯಾದಾಗ ಕೋವಿಯನ್ನು ಠಾಣೆಯಲ್ಲಿ ಠೇವಣಿ ಇಡಲು ಸೂಚನೆ ಬರುತ್ತದೆ. ಹಂದಿ ಕಾಟದ ದಿನಗಳಲ್ಲಿ ಇದು ತೊಂದರೆಯೇ, ಒಪ್ಪುವ ಮಾತು. ವಿನಾಯಿತಿ ಬೇಕಾದವರು ಜಿಲ್ಲಾ ಮಟ್ಟದ ಪರಿಶೀಲನಾ ಸಮಿತಿಗೆ ಕಾರಣ ಸಹಿತ ಮನವಿ ಕೊಡಬಹುದು; ಆದೇಶ ಬರುವವರೆಗೆ ಠಾಣೆಗೆ ಒಪ್ಪಿಸಿ ರಸೀದಿ ಪಡೆಯುವುದೇ ಮರ್ಯಾದೆ.

ಮನೆಯಲ್ಲಿ ಯಾರಾದರೂ ಸಾಲದಿಂದಲೋ, ಕುಡಿತದಿಂದಲೋ, ಸಾವುನೋವಿನಿಂದಲೋ ಕುಗ್ಗಿ ಹೋಗಿದ್ದರೆ, ಬದುಕು ಸಾಕಾಗಿದೆ ಎಂಬ ಮಾತು ಒಮ್ಮೆಯಾದರೂ ಬಾಯಿಂದ ಬಂದಿದ್ದರೆ, ಕೋವಿ ಆ ಮನೆಯಲ್ಲಿ ಒಂದು ರಾತ್ರಿಯೂ ಇರಕೂಡದು. ಠಾಣೆಗೋ ಪರವಾನಗಿ ಪಡೆದ ಬಂದೂಕು ಮಾರಾಟಗಾರರಿಗೋ ಒಪ್ಪಿಸಿ ಬರಬಹುದು. ಕಾರಣ ಊರಿಗೆಲ್ಲ ಹೇಳಬೇಕಾಗಿಲ್ಲ. ಮಾತನಾಡಲು ಯಾರೂ ಇಲ್ಲದಿದ್ದರೆ 14416 ಟೆಲಿ ಮಾನಸ್ ಸಹಾಯವಾಣಿ ಕನ್ನಡದಲ್ಲೂ ದೊರೆಯುತ್ತದೆ.

ಕೊನೆಯದಾಗಿ ಮೆತ್ತಿನ (ಅಟ್ಟದ) ಮೇಲಿನ ಅಜ್ಜನ ಕೋವಿ. ಪರವಾನಗಿದಾರರು ತೀರಿಕೊಂಡ ಮೇಲೆ ಅದು ತಾನಾಗಿ ಮಕ್ಕಳದಾಗುವುದಿಲ್ಲ. ಅದನ್ನು ಕೂಡಲೇ ಠಾಣೆಯಲ್ಲೋ ಮಾರಾಟಗಾರರಲ್ಲೋ ಠೇವಣಿ ಇಟ್ಟು, ಬೇಕೆನಿಸಿದರೆ ವಾರಸುದಾರರು ತಮ್ಮ ಹೆಸರಿಗೆ ಹೊಸ ಅರ್ಜಿ ಹಾಕಬೇಕು. ಪರವಾನಗಿದಾರರಿಗೆ 70 ವರ್ಷ ತುಂಬಿದ್ದರೆ ಅಥವಾ ಕೋವಿ ಅವರ ಬಳಿ 25 ವರ್ಷ ಇದ್ದಿದ್ದರೆ, ಬದುಕಿರುವಾಗಲೇ ವಾರಸುದಾರರ ಹೆಸರಿಗೆ ಕೊಡಿಸಲು ನಿಯಮಗಳಲ್ಲಿ ಅವಕಾಶವಿದೆ. ಮನೆಯಲ್ಲಿ ಯಾರಿಗೂ ಬೇಡವೆಂದಾದರೆ ಪರವಾನಗಿ ಇರುವ ಬೇರೊಬ್ಬರಿಗೆ ಕಾನೂನು ಪ್ರಕಾರ ಮಾರಿ, ಇಲ್ಲವೇ ಠಾಣೆಗೆ ಒಪ್ಪಿಸಿ, ಪರವಾನಗಿಯನ್ನು ರದ್ದುಪಡಿಸಿದ ಪತ್ರವನ್ನು ಮನೆಯ ದಾಖಲೆಗಳ ಜೊತೆ ಜೋಪಾನವಾಗಿ ಇಟ್ಟುಕೊಳ್ಳಿ.