ಬರಣಿಯಲ್ಲಿ ಕುಲುಕಿ ಕಟ್ಟಿದ ಕವಚ

ಮುಂಬೈಯ ಮುಲುಂಡಿನಲ್ಲಿರುವ ಮೊಮ್ಮಗಳಿಗೆ ಶಾಲೆಯ ಪ್ರದರ್ಶನಕ್ಕೆ ಪೋಲಿಯೊ ವೈರಸ್ಸಿನ ಮಾದರಿ ಬೇಕಿತ್ತು. ಮೂವತ್ತು ವರ್ಷ ಅಲ್ಲಿನ ಕುರ್ಲಾದಲ್ಲಿ ಎರಕಕ್ಕೆ ಮರದ ಅಚ್ಚು ಮಾಡಿದವನು ನಾನು. ಥರ್ಮಾಕೋಲ್ ಚೆಂಡಿಗೆ ಗುಂಡುಸೂಜಿ ಚುಚ್ಚಿ ಕೊಡಲು ಮನಸ್ಸಾಗಲಿಲ್ಲ.

ಆ ವೈರಸ್ಸಿನ ಹೊರಗಿನ ಕವಚದ ಅಗಲ ಸುಮಾರು 30 ನ್ಯಾನೊಮೀಟರ್ (ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು ಒಂದು ನ್ಯಾನೊಮೀಟರ್). ಅದರಲ್ಲಿರುವುದು ನಾಲ್ಕೇ ಬಗೆಯ ಪ್ರೋಟೀನು, ಒಂದೊಂದರದೂ 60 ಪ್ರತಿ. ನಾಲ್ಕೂ ಬಗೆಯ ಒಂದೊಂದು ಸೇರಿದ ಕಟ್ಟುಗಳು ಐದೈದು ಕೂಡಿ ಪಂಚಕ, ಹನ್ನೆರಡು ಪಂಚಕ ಕೂಡಿ ಕವಚ. ಮೇಸ್ತ್ರಿಯಿಲ್ಲ, ಜೀವಕೋಶದೊಳಗೆ ತಾವೇ ಒಂದಕ್ಕೊಂದು ತಾಗುತ್ತ ಕೂಡಿಕೊಳ್ಳುತ್ತವೆ. ಕವಚದೊಳಗಿನ ತಳಿಸಂದೇಶದ ಎಳೆಯಾದ ಪುಟ್ಟ ವೈರಸ್ಸಿನ ಆರ್‌ಎನ್‌ಎಯಲ್ಲಿ ನೂರು ಬಗೆಯ ಬಿಡಿಭಾಗಗಳ ವಿವರ ಹಿಡಿಸದು, ಆದ್ದರಿಂದ ಒಂದೇ ಅಚ್ಚಿನ ತುಂಡುಗಳೇ ಮತ್ತೆ ಮತ್ತೆ ಬಳಕೆಯಾಗಿರಬೇಕು ಎಂದು 1956ರಲ್ಲೇ ಡಿಎನ್‌ಎ ರಚನೆ ಬಿಡಿಸಿದ ಕ್ರಿಕ್ ಮತ್ತು ವಾಟ್ಸನ್ ತರ್ಕಿಸಿದ್ದರು. ಅಚ್ಚಿನ ಕೆಲಸದವನಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ತುಂಡುಗಳಿಗೆ ಅಯಸ್ಕಾಂತ ಕೂರಿಸಿ, ಕುಲುಕಿದರೆ ತಾವೇ ಕೂಡುವಂತೆ ಮಾಡುವ ಉಪಾಯ ನನ್ನದಲ್ಲ, ಅಮೆರಿಕದ ವಿಜ್ಞಾನಿ ಆರ್ಥರ್ ಓಲ್ಸನ್ ಅವರದು. ಪಂಚಕಕ್ಕೊಂದರಂತೆ ಮೂರು ಸೆಂಟಿಮೀಟರ್ ಅಂಚಿನ ಹನ್ನೆರಡು ಪಂಚಕೋನಗಳನ್ನು ಕೊಯ್ದು, ಅಂಚುಗಳನ್ನು 58 ಡಿಗ್ರಿಗೆ ಓರೆಯಾಗಿ ಉಜ್ಜಿದೆ. ಪ್ರತಿ ಅಂಚಿಗೆ ಎರಡು ಅಯಸ್ಕಾಂತ: ಹೊರಗಿನಿಂದ ನೋಡಿದರೆ ಎಡಕ್ಕೆ ಉತ್ತರ ಧ್ರುವ, ಬಲಕ್ಕೆ ದಕ್ಷಿಣ. ಹೀಗಿಟ್ಟರೆ ಯಾವ ಅಂಚಿಗಾದರೂ ಯಾವ ಅಂಚೂ ಹೊಂದುತ್ತದೆ, ಮಗುಚಿ ಬಂದ ತುಂಡನ್ನು ದೂಡುತ್ತದೆ. ಒಟ್ಟು 120. ಒಂದನ್ನು ತಿರುಗಾಮುರುಗಾ ಅಂಟಿಸಿ ಅರ್ಧ ದಿನ ಹುಡುಕಿದೆ.

ಫರಸಾಣದ (ಖಾರದ ಕುರುಕಲು ತಿಂಡಿಯ) ಅಂಗಡಿಯಿಂದ ತಂದ ದೊಡ್ಡ ಬರಣಿಗೆ ಹಾಕಿ ಕುಲುಕಿದೆ. ಐದು ತುಂಡಿನ ಎರಡು ಬೋಗುಣಿಗಳಾದವು, ಉಳಿದೆರಡು ಅಡ್ಡಾದಿಡ್ಡಿಯಾಗಿ ಅಂಟಿದವು. ಎಷ್ಟು ಕುಲುಕಿದರೂ ಬಿಡಲೊಲ್ಲವು. ನಾನು ತಂದಿದ್ದದ್ದು ಅಂಗಡಿಯಲ್ಲಿದ್ದುದರಲ್ಲೇ ಬಲವಾದ ಅಯಸ್ಕಾಂತ, ಗಟ್ಟಿಯಾಗಿರಲಿ ಎಂದು! ಪ್ರಯೋಗನಳಿಕೆಯಲ್ಲೂ ಹೀಗೆಯೇ: ಪ್ರೋಟೀನುಗಳ ಸೆಳೆತ ಅತಿಯಾದರೆ ಎಲ್ಲೆಲ್ಲೂ ಅರೆಬರೆ ಕವಚಗಳು ಹುಟ್ಟಿ, ಪೂರ್ತಿ ಮಾಡಲು ಬಿಡಿ ತುಂಡೇ ಉಳಿಯುವುದಿಲ್ಲ. ತಪ್ಪಾಗಿ ಕೂತದ್ದು ಕಳಚಿಕೊಳ್ಳುವಷ್ಟು ಹಿಡಿತ ಸಡಿಲವಿರಬೇಕು.

ಎಲ್ಲವನ್ನೂ ಕಿತ್ತು ಸೆಳೆತ ಕಡಿಮೆಯಿರುವ ಮೂರು ಮಿಲಿಮೀಟರಿನ ತೆಳು ಅಯಸ್ಕಾಂತದ ಬಿಲ್ಲೆಗಳನ್ನು ಕೂರಿಸಿದೆ. ಈಗ ಕೂಡುವುದು, ಬಿಡುವುದು, ಮತ್ತೆ ಕೂಡುವುದು. ಹತ್ತು ತುಂಡು ಸೇರಿದ ಮೇಲೆ ಕೈ ಹಗುರ ಮಾಡಿದೆ. ಕೊನೆಯದು ಟಕ್ಕೆಂದು ಕೂತಿತು.

“ಅಜ್ಜ, ಒಳಗೆ ಆರ್‌ಎನ್‌ಎ ಇಲ್ಲವಲ್ಲ?” ಎಂದಳು. ಬಿಚ್ಚಿ, ಕೆಂಪು ಉಣ್ಣೆದಾರದ ತುಂಡೊಂದನ್ನು ಬರಣಿಗೆ ಹಾಕಿ ಅವಳೇ ಕುಲುಕಿದಳು. ಕವಚ ಮುಚ್ಚಿತು, ಒಂದು ಸಂದಿಯಿಂದ ದಾರದ ತುದಿ ಮಾತ್ರ ಹೊರಗೇ ನೇತಾಡುತ್ತಿತ್ತು.